ಲಿಯೋ ಬ್ರೌವರ್ ಅವರ 'ಎಸ್ತೂದಿಯೋಸ್ ಸೆನ್ಸಿಯೋಸ್': ಹೆಸರಿಗಷ್ಟೇ ಸರಳ

ನಲವತ್ತು ದಾಟಿದ ಮೇಲೆ ಕ್ಲಾಸಿಕಲ್ ಗಿಟಾರ್ ಹಿಡಿದವಳು ನಾನು. ರಾತ್ರಿ ಪಾತ್ರೆ ತೊಳೆದಾದ ಮೇಲೆ ಅರ್ಧ ಗಂಟೆ ಅಭ್ಯಾಸ, ಅಷ್ಟೇ. (ತಂತಿ ಮೀಟಲು ಬಲಗೈ ಉಗುರು ಬೆಳೆಸಿಕೊಂಡು ಪಾತ್ರೆ ತೊಳೆಯುವ ಕಷ್ಟ ಬೇರೆಯೇ ಕಥೆ.) ಮೊದಲ ಎರಡು ವರ್ಷ ಹಳೆಯ ಪಾಠದ ಪುಸ್ತಕಗಳಲ್ಲೇ ಕಳೆಯಿತು. ಚಿಕ್ಕಂದಿನಲ್ಲಿ ಸರಳೆ ವರಸೆ, ಜಂಟಿ ವರಸೆ ಹೇಳಿಸಿಕೊಂಡವರಿಗೆ ಆ ಬೇಜಾರು ಗೊತ್ತಿರುತ್ತದೆ. ಬೆರಳಿಗೆ ಕೆಲಸ, ಕಿವಿಗೆ ಏನೂ ಇಲ್ಲ.

ಆಮೇಲೆ ನನ್ನ ಟೀಚರ್ ಲಿಯೋ ಬ್ರೌವರ್ ಅವರ 'ಎಸ್ತೂದಿಯೋಸ್ ಸೆನ್ಸಿಯೋಸ್' (ಸ್ಪ್ಯಾನಿಷ್‌ನಲ್ಲಿ 'ಸರಳ ಪಾಠಗಳು') ತರಿಸಿಕೊಳ್ಳಿ ಅಂದರು. ಬ್ರೌವರ್ ಕ್ಯೂಬಾದ ಗಿಟಾರ್ ವಾದಕ, ಸಂಗೀತ ಸಂಯೋಜಕ, 1939ರಲ್ಲಿ ಹವಾನಾದಲ್ಲಿ ಹುಟ್ಟಿದವರು. ಈ ಸರಳ ಪಾಠಗಳನ್ನು ಬರೆಯಲು ಶುರುಮಾಡಿದಾಗ ಇಪ್ಪತ್ತರ ಆಸುಪಾಸಿನ ಹುಡುಗ. ಒಟ್ಟು 20 ಪಾಠ, ಐದೈದರಂತೆ ನಾಲ್ಕು ತೆಳ್ಳನೆ ಪುಸ್ತಕ, ಪ್ಯಾರಿಸ್ಸಿನ ಮ್ಯಾಕ್ಸ್ ಎಶಿಗ್ ಪ್ರಕಾಶನ.

ಮೊದಲನೇ ಪಾಠದಲ್ಲೇ ನಾನು ಸೋತೆ. ರಾಗ ತಾರದ ತೆಳು ತಂತಿಗಳಲ್ಲಿರುತ್ತದೆ ಅಂತ ಅಲ್ಲಿಯವರೆಗೆ ಅಂದುಕೊಂಡಿದ್ದೆ. ಇಲ್ಲಿ ರಾಗ ಹೆಬ್ಬೆರಳಿನದು, ಮಂದ್ರದ ತಂತಿಗಳ ಮೇಲೆ. ಉಳಿದ ಬೆರಳುಗಳು ತೆಳು ತಂತಿಗಳ ಮೇಲೆ ತಾಳ ಹಾಕುತ್ತಿರುತ್ತವೆ. ಒತ್ತು ಎಲ್ಲಿ ಬೀಳಬೇಕೋ ಅಲ್ಲಿ ಬೀಳುವುದೇ ಇಲ್ಲ! ಒಂದು ವಾರ ಕಾಲಲ್ಲಿ ತಾಳ ತಟ್ಟಿ ತಪ್ಪಿದೆ. ಪಕ್ಕದ ಕೋಣೆಯಿಂದ ಅಮ್ಮ, "ಅದೇನೇ, ಇನ್ನೂ ಶ್ರುತಿ ಮಾಡ್ತಿದೀಯಾ?" ಅಂದರು. ಎರಡನೇ ವಾರ ಅದು ಹಾಡಾಯಿತು. ಅಮ್ಮ ಏನೂ ಅನ್ನಲಿಲ್ಲ. ನಮ್ಮ ಮನೆಯಲ್ಲಿ ಅದೇ ಚಪ್ಪಾಳೆ.

ಎರಡನೆಯದು ನಿಧಾನ, ಬರೀ ಸ್ವರಗುಚ್ಛಗಳು (ಕಾರ್ಡ್, ಅಂದರೆ ಹಲವು ಸ್ವರ ಒಟ್ಟಿಗೆ). ನೋಡಲು ಸುಲಭ. ಆದರೆ ಒಂದು ಬೆರಳು ಚೂರು ಬೇಗ ಎದ್ದರೂ ಸಂಗೀತದಲ್ಲಿ ತೂತು ಬಿದ್ದಂತೆ ಕೇಳಿಸುತ್ತದೆ. ಐದನೆಯದರ ಮೇಲೆ 'ಮೊಂಟುನೋ' ಅಂತ ಬರೆದಿದೆ. ಕ್ಯೂಬಾದ ಕುಣಿತದ ಹಾಡುಗಳಲ್ಲಿ ಒಂದೇ ತುಣುಕು ತಿರುಗಿ ತಿರುಗಿ ಬರುವ ಭಾಗಕ್ಕೆ ಆ ಹೆಸರಂತೆ. ಆರನೆಯದು ನನ್ನ ಮೆಚ್ಚಿನದು. ಎಡಗೈ ಒಂದೊಂದೇ ಹಿಡಿತ ಬದಲಿಸುತ್ತಾ ಹೋಗುತ್ತದೆ, ಬಲಗೈ ಒಂದೇ ಸಮನೆ ಹರಿಯುತ್ತದೆ. ಮೂರು ತಿಂಗಳಾದರೂ ಬೇಜಾರಾಗಿಲ್ಲ.

ತಕರಾರೂ ಇದೆ. ಮೊದಲೆರಡು ಪುಸ್ತಕಗಳಲ್ಲಿ ವಿವರಣೆ ಅನ್ನುವುದು ಸೊನ್ನೆ. ಯಾವ ಪಾಠ ಏತಕ್ಕೆ ಅಂತ ಒಂದು ಸಾಲೂ ಇಲ್ಲ. ಟ್ಯಾಬ್ (ಯಾವ ತಂತಿಯನ್ನು ಎಲ್ಲಿ ಒತ್ತಬೇಕು ಅಂತ ಅಂಕಿಯಲ್ಲಿ ತೋರಿಸುವ ಬರಹ) ಇಲ್ಲ, ಸ್ಟಾಫ್ ನೊಟೇಶನ್, ಅಂದರೆ ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ, ಓದಲು ಬರಲೇಬೇಕು. ಟೀಚರ್ ಇಲ್ಲದೆ ಸುಮ್ನೆ ತರಿಸಿಕೊಂಡರೆ ಕಪಾಟಿನಲ್ಲೇ ಉಳಿದೀತು. ಇಪ್ಪತ್ತು ಪಾಠವನ್ನು ನಾಲ್ಕು ತೆಳ್ಳನೆ ಪುಸ್ತಕವಾಗಿ ಕೊಳ್ಳುವುದೂ ಸ್ವಲ್ಪ ಜಾಸ್ತಿಯೇ ಆಯಿತು, ಅಲ್ವಾ? ನನಗೆ ಬಂದ ಪಾರ್ಸಲ್‌ನಲ್ಲಿ ಎರಡು ಪುಸ್ತಕಗಳ ಮೂಲೆ ಮಡಚಿಹೋಗಿತ್ತು, ಅದು ಬ್ರೌವರ್ ತಪ್ಪಲ್ಲ ಬಿಡಿ. ಮೊದಲು ಒಂದು, ಎರಡನೇ ಪುಸ್ತಕ ಮಾತ್ರ ತಗೊಳ್ಳಿ. ಆ ಹತ್ತು ಪಾಠವೇ ನಮ್ಮಂಥವರಿಗೆ ಒಂದೆರಡು ವರ್ಷಕ್ಕೆ ಸಾಕು. ಒಂದು ಮಾತು: ಜೋರು, ಮೆಲ್ಲಗೆ ಅನ್ನುವ ಗುರುತುಗಳನ್ನು ಹಾರಿಸಬೇಡಿ. ನಾನು ಹಾರಿಸಿದ್ದೆ, ಎಲ್ಲವೂ ಸಪ್ಪೆಯಾಗಿತ್ತು.

ಸದ್ಯಕ್ಕೆ ಏಳನೆಯದರಲ್ಲಿ ಸಿಕ್ಕಿಕೊಂಡಿದ್ದೇನೆ. ಮೇಲೆ ಸ್ಪ್ಯಾನಿಷ್‌ನಲ್ಲಿ ಬರೆದಿದೆ, 'ಎಷ್ಟು ಸಾಧ್ಯವೋ ಅಷ್ಟು ವೇಗವಾಗಿ' ಅಂತ. ನನಗೆ ಸಾಧ್ಯವಾಗುವುದು ಮೆಟ್ರೋನೋಮ್‌ನಲ್ಲಿ (ತಾಳ ತಟ್ಟುವ ಯಂತ್ರ) 60, ಅಂದರೆ ಸೆಕೆಂಡಿಗೆ ಒಂದೇ ತಟ್ಟು.