ಪೋಸಿಸ್ ಬಿಲ್ಲೆ: ಜೌಗಿನ ನೀರಲ್ಲಿ ಕೀಟನಾಶಕ ಹಿಡಿಯಲು ಎಷ್ಟರ ಮಟ್ಟಿಗೆ ನಂಬಬಹುದು?

ಜೌಗಿನ ನೀರನ್ನು ಬಾಟಲಿಗೆ ತುಂಬಿ ಪ್ರಯೋಗಾಲಯಕ್ಕೆ ಕಳಿಸಿದರೆ ಹೆಚ್ಚಿನ ಸಲ "ಕೀಟನಾಶಕ ಪತ್ತೆಯಾಗಿಲ್ಲ" ಎಂಬ ವರದಿ ಬರುತ್ತದೆ. ಅದೇ ನೀರಿನಲ್ಲಿ ಬಲೆ ಆಡಿಸಿದರೆ ಮೇಫ್ಲೈ ಎಂಬ ಕೀಟದ ಮರಿ ಒಂದೂ ಸಿಗುವುದಿಲ್ಲ, ಪಾಚಿ ತಿನ್ನುವ ಸೂಕ್ಷ್ಮಪ್ರಾಣಿ ನೀರುಚಿಗಟ ಕಾಣುವುದಿಲ್ಲ, ಪಾಚಿ ಮಾತ್ರ ಹಸಿರಾಗಿ ಉಕ್ಕಿರುತ್ತದೆ. ಇವೆರಡೂ ಒಟ್ಟಿಗೆ ನಿಜವಾಗಿರಲು ಸಾಧ್ಯ. ಸಿಂಪಡಣೆಯ ನಂತರ ಬೀಳುವ ಮೊದಲ ಜೋರು ಮಳೆಗೆ ಹೊಲದಿಂದ ಹರಿದು ಬರುವ ವಿಷ ಕೆಲವು ಗಂಟೆಗಳಲ್ಲಿ ಏರಿ, ಒಂದೆರಡು ದಿನದಲ್ಲಿ ಇಳಿದುಬಿಡುತ್ತದೆ. ತಿಂಗಳಿಗೊಮ್ಮೆ ಬಾಟಲಿ ಹಿಡಿದು ಹೋದವರಿಗೆ ಅದು ಸಿಕ್ಕಿದರೆ ಅದೃಷ್ಟ.

ಈ ಕೊರತೆಯನ್ನು ತುಂಬಲು ಬಂದ ಸಾಧನ ಪೋಸಿಸ್. ಪೋಲಾರ್ ಆರ್ಗ್ಯಾನಿಕ್ ಕೆಮಿಕಲ್ ಇಂಟಿಗ್ರೇಟಿವ್ ಸ್ಯಾಂಪ್ಲರ್ ಎಂಬುದು ಪೂರ್ತಿ ಹೆಸರು. ಅಮೆರಿಕದ ಯುಎಸ್‌ಜಿಎಸ್ ಎಂಬ ಭೂವಿಜ್ಞಾನ ಸಮೀಕ್ಷಾ ಸಂಸ್ಥೆಯ ಕೊಲಂಬಿಯಾ ನಗರದ ಪ್ರಯೋಗಾಲಯದಲ್ಲಿ ರೂಪುಗೊಂಡ ಇದರ ವಿವರ 2004ರಲ್ಲಿ ಪ್ರಕಟವಾಯಿತು. ಹರಿಯುವ ನದಿಗೆ ಇದನ್ನು ಬಳಸಿದವರು ಬಹಳ ಮಂದಿ. ನಿಂತ ನೀರಿನ ಜೌಗಿಗೆ ಇದು ಎಷ್ಟು ಹೊಂದುತ್ತದೆ ಎಂಬುದು ಬೇರೆಯೇ ಪ್ರಶ್ನೆ, ಇಲ್ಲಿ ನೋಡುತ್ತಿರುವುದೂ ಅದನ್ನೇ.

ವಸ್ತು ನೋಡಲು ತೀರ ಸರಳ. ನಡುವೆ ತೂತಿರುವ ಎರಡು ಸ್ಟೀಲ್ ಬಳೆ, ಅವುಗಳ ನಡುವೆ ಪಾಲಿಈಥರ್‌ಸಲ್ಫೋನಿನ ಎರಡು ತೆಳು ಪೊರೆ, ಪೊರೆಗಳ ಮಧ್ಯೆ ಸುಮಾರು 200 ಮಿಲಿಗ್ರಾಂ ಬಿಳಿ ಪುಡಿ. ಮೂರು ಬೋಲ್ಟ್ ಬಿಗಿದರೆ ಬಿಲ್ಲೆ ಸಿದ್ಧ. ಪೊರೆಯ ರಂಧ್ರ 0.1 ಮೈಕ್ರಾನ್ ಆದ್ದರಿಂದ ಕೆಸರು, ಪಾಚಿ ಒಳಗೆ ಹೋಗುವುದಿಲ್ಲ. ನೀರಿನಲ್ಲಿ ಕರಗಿದ ರಾಸಾಯನಿಕ ಮಾತ್ರ ನುಸುಳಿ ಎಚ್‌ಎಲ್‌ಬಿ ಎಂಬ ಆ ಪುಡಿಗೆ ಅಂಟಿಕೊಳ್ಳುತ್ತದೆ. ನೀರಿಗೆ ತೆರೆದಿರುವ ಮೈ ಎರಡೂ ಬದಿ ಸೇರಿ ಸುಮಾರು 41 ಚದರ ಸೆಂಟಿಮೀಟರ್. ತೂತಿನ ಸ್ಟೀಲ್ ಡಬ್ಬಿಯೊಂದರಲ್ಲಿ ಇಂಥ ಮೂರು ಬಿಲ್ಲೆ ಕೂರಿಸಿ 2ರಿಂದ 4 ವಾರ ಮುಳುಗಿಸಿಡುತ್ತಾರೆ. ಬ್ಯಾಟರಿ ಇಲ್ಲ, ಪಂಪ್ ಇಲ್ಲ, ಕಾವಲು ಕೂರಬೇಕಾಗಿಲ್ಲ.

ಫಲಿತಾಂಶ ತೆಗೆಯುವ ಲೆಕ್ಕ ಒಂದೇ ಸಾಲಿನದು. ಪುಡಿಯಲ್ಲಿ ಸಿಕ್ಕ ಒಟ್ಟು ರಾಸಾಯನಿಕವನ್ನು, ಬಿಲ್ಲೆ ದಿನಕ್ಕೆ ಎಷ್ಟು ಲೀಟರ್ ನೀರನ್ನು "ಸೋಸುತ್ತದೆ" ಎಂಬ ದರದಿಂದಲೂ ಮುಳುಗಿದ್ದ ದಿನಗಳಿಂದಲೂ ಭಾಗಿಸಬೇಕು. ಪುಡಿಯಲ್ಲಿ 42 ನ್ಯಾನೋಗ್ರಾಂ ಸಿಕ್ಕಿತು, ದರ ದಿನಕ್ಕೆ 0.2 ಲೀಟರ್, ಇಟ್ಟದ್ದು 21 ದಿನ ಎಂದುಕೊಳ್ಳಿ. 0.2ನ್ನು 21ರಿಂದ ಗುಣಿಸಿದರೆ 4.2 ಲೀಟರ್. ಅಂದರೆ ಆ ಮೂರು ವಾರದ ಸರಾಸರಿ ಲೀಟರಿಗೆ 10 ನ್ಯಾನೋಗ್ರಾಂ.

ಇಷ್ಟು ಸಣ್ಣ ಪ್ರಮಾಣ ಅಳೆದು ಏನಾಗಬೇಕು ಎನ್ನುವವರಿಗೆ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕದ ಉದಾಹರಣೆ ಸಾಕು. ಸಿಹಿನೀರಿನ ಅಕಶೇರುಕಗಳಿಗೆ (ಬೆನ್ನೆಲುಬಿಲ್ಲದ ಜೀವಿಗಳಿಗೆ) ದೀರ್ಘಕಾಲದ ಮಿತಿ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಇಟ್ಟಿರುವುದು ಲೀಟರಿಗೆ 0.01 ಮೈಕ್ರೋಗ್ರಾಂ, ಅಂದರೆ ಸರಿಯಾಗಿ 10 ನ್ಯಾನೋಗ್ರಾಂ. ನೆದರ್‌ಲ್ಯಾಂಡ್ಸ್‌ನಲ್ಲಿ ಮೇಲ್ಮೈ ನೀರಿನ ಇಮಿಡಾಕ್ಲೋಪ್ರಿಡ್ ಲೀಟರಿಗೆ ಸುಮಾರು 20 ನ್ಯಾನೋಗ್ರಾಂ ದಾಟಿದ ಕಡೆ ಕೀಟ ತಿನ್ನುವ ಹಕ್ಕಿಗಳ ಸಂಖ್ಯೆ ವರ್ಷಕ್ಕೆ ಸರಾಸರಿ ಶೇ. 3.5ರಷ್ಟು ಇಳಿಯುತ್ತಿತ್ತು ಎಂದು 2014ರ ಅಧ್ಯಯನವೊಂದು ತೋರಿಸಿತು. ನೀರಲ್ಲಿ ಬೆಳೆದು ರೆಕ್ಕೆ ಬಂದು ಹಾರುವ ಹುಳುಗಳೇ ಆ ಹಕ್ಕಿಗಳ ಮರಿಗಳಿಗೆ ತುತ್ತು. ಪತ್ತೆಮಿತಿ 50 ಅಥವಾ 100 ನ್ಯಾನೋಗ್ರಾಂ ಇರುವ ಪರೀಕ್ಷೆಗೆ ಇದ್ಯಾವುದೂ ಕಣ್ಣಿಗೇ ಬೀಳುವುದಿಲ್ಲ. ಪೋಸಿಸ್ ತನ್ನ ಬೆಲೆಯನ್ನು ಸಮರ್ಥಿಸಿಕೊಳ್ಳುವುದು ಈ ಒಂದು ಜಾಗದಲ್ಲಿ: ನಾಲ್ಕು ಲೀಟರ್ ನೀರಿನ ಸಾರ 200 ಮಿಲಿಗ್ರಾಂ ಪುಡಿಯಲ್ಲಿ ಕೈಗೆ ಸಿಗುತ್ತದೆ.

ಇನ್ನು ದೂರುಗಳು. ಮೊದಲನೆಯದು, ಎಲ್ಲಕ್ಕಿಂತ ದೊಡ್ಡದು, ಆ "ಸೋಸುವ ದರ". ಮಾರಾಟಗಾರರು ಕೊಡುವ ಪಟ್ಟಿಯಲ್ಲಿರುವ ದರಗಳು ಸಾಮಾನ್ಯವಾಗಿ ಕಲಕುತ್ತಿರುವ ತೊಟ್ಟಿಯಲ್ಲಿ ಅಳೆದವು. ಜೌಗಿನ ನೀರು ಆಪು ಹುಲ್ಲಿನ ನಡುವೆ ಅಲ್ಲಾಡದೆ ನಿಂತಿರುತ್ತದೆ. ಪೊರೆಯ ಹೊರಗೆ ಕದಲದ ನೀರಿನ ಪದರ ದಪ್ಪವಾದಷ್ಟೂ ರಾಸಾಯನಿಕ ಒಳಗೆ ಬರುವುದು ನಿಧಾನ, ದರ ಹಲವು ಪಟ್ಟು ಇಳಿಯಬಹುದು. ಪಟ್ಟಿಯ ದರವನ್ನೇ ಹಾಕಿ ಭಾಗಿಸಿದರೆ ನೀರು ಇರುವುದಕ್ಕಿಂತ ಶುದ್ಧವಾಗಿ ಕಾಣುತ್ತದೆ. ಜೌಗಿನ ವಿಷಯದಲ್ಲಿ ಈ ತಪ್ಪು ಯಾವಾಗಲೂ ಒಂದೇ ಕಡೆಗೆ, ಸಮಾಧಾನದ ಕಡೆಗೆ ವಾಲುತ್ತದೆ ಎಂಬುದು ನಮಗೆ ಆತಂಕದ ಸಂಗತಿ. ಆದ್ದರಿಂದ ನಿಂತ ನೀರಿನಲ್ಲಿ ಅಳೆದ ದರ ಕೇಳಿ ಪಡೆಯಿರಿ. ಅದು ಸಿಗದಿದ್ದರೆ ವರದಿಯಲ್ಲಿ ಲೀಟರ್ ಲೆಕ್ಕದ ಜೊತೆಗೆ "ಬಿಲ್ಲೆಗೆ ಇಷ್ಟು ನ್ಯಾನೋಗ್ರಾಂ" ಎಂಬ ಮೂಲ ಅಂಕಿಯನ್ನೂ ತಪ್ಪದೆ ಬರೆಸಿ. ಒಂದೇ ಜೌಗಿನ ಒಳಹರಿವು, ನಡುಭಾಗ, ಹೊರಹರಿವುಗಳನ್ನು ಪರಸ್ಪರ ಹೋಲಿಸಲು ಆ ಅಂಕಿ ಸಾಕು.

ಎರಡನೆಯದು, ಇದು ಎಲ್ಲವನ್ನೂ ಹಿಡಿಯುವುದಿಲ್ಲ. ನೀರಿನಲ್ಲಿ ಸಾಕಷ್ಟು ಕರಗುವ ಅಟ್ರಜೀನ್, ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್, ಕಾರ್ಬೋಫ್ಯುರಾನ್ ಇದಕ್ಕೆ ಚೆನ್ನಾಗಿ ಸಿಗುತ್ತವೆ. ಸೈಪರ್‌ಮೆಥ್ರಿನ್, ಬೈಫೆಂಥ್ರಿನ್‌ನಂಥ ಪೈರೆಥ್ರಾಯ್ಡ್‌ಗಳಿಗೆ ನೀರೆಂದರೆ ಆಗದು, ಅವು ಹೂಳಿಗೂ ಎಲೆಕೊಳೆಗೂ ಅಂಟಿಕೊಳ್ಳುತ್ತವೆ. ಅಷ್ಟಿಷ್ಟು ಕರಗಿದ್ದೂ ಪುಡಿಯವರೆಗೆ ಹೋಗದೆ ಪೊರೆಯಲ್ಲೇ ಸಿಕ್ಕಿಬೀಳುತ್ತದೆ. ಕ್ಲೋರ್‌ಪೈರಿಫಾಸ್ ಕೂಡ ಇದೇ ಜಾತಿಗೆ ಹತ್ತಿರ. ಇಂಥವಕ್ಕೆ ಸಿಲಿಕೋನ್ ರಬ್ಬರ್ ಇಲ್ಲವೇ ಪಾಲಿಥೀನ್ ಪಟ್ಟಿಯನ್ನು ಪಕ್ಕದಲ್ಲೇ ಇಡಬೇಕು. ಕಳೆನಾಶಕ ಗ್ಲೈಫೋಸೇಟ್‌ನದು ಇದಕ್ಕೆ ತದ್ವಿರುದ್ಧ ಕಥೆ: ನೀರಿನಲ್ಲಿ ಅತಿಯಾಗಿ ಕರಗುವ, ವಿದ್ಯುದಂಶ ಹೊತ್ತ ಅಣು ಅದು, ಎಚ್‌ಎಲ್‌ಬಿ ಪುಡಿ ಅದನ್ನು ಹಿಡಿದಿಟ್ಟುಕೊಳ್ಳುವುದೇ ಇಲ್ಲ. ಪೋಸಿಸ್ ವರದಿಯಲ್ಲಿ ಗ್ಲೈಫೋಸೇಟ್ ಇಲ್ಲ ಎಂದರೆ ಹುಡುಕಿಲ್ಲ ಎಂದೇ ಅರ್ಥ.

ಮೂರನೆಯದು ಸರಾಸರಿಯ ಮರೆ. 21 ದಿನದಲ್ಲಿ ಒಂದೇ ದಿನ ಇಮಿಡಾಕ್ಲೋಪ್ರಿಡ್ ಲೀಟರಿಗೆ 500 ನ್ಯಾನೋಗ್ರಾಂ ಇದ್ದು ಉಳಿದ 20 ದಿನ ಸೊನ್ನೆ ಇದ್ದರೂ, ಬಿಲ್ಲೆ ಹೇಳುವುದು ಸುಮಾರು 24 ಎಂದು. ಇಪಿಎಯ ತಕ್ಷಣದ ಹಾನಿಯ ಮಿತಿ 385 ನ್ಯಾನೋಗ್ರಾಂ. ಆ ಒಂದು ದಿನ ಅದನ್ನು ದಾಟಿದ್ದು ಎಲ್ಲೂ ದಾಖಲಾಗುವುದಿಲ್ಲ. ಇದಕ್ಕೆ ಅಗ್ಗದ ಪರಿಹಾರ ಇದೆ. ಒಳಹರಿವಿನ ಕಾಲುವೆಯಲ್ಲಿ ಮಾಮೂಲು ನೀರಿನ ಮಟ್ಟಕ್ಕಿಂತ 5 ಸೆಂಟಿಮೀಟರ್ ಮೇಲೆ ಬಾಯಿ ಬರುವಂತೆ ಗಾಜಿನ ಬಾಟಲಿಯೊಂದನ್ನು ಗೂಟಕ್ಕೆ ಕಟ್ಟಿಡಿ. ಮಳೆಗೆ ನೀರು ಏರಿದಾಗ ಅದು ತಾನಾಗಿ ತುಂಬುತ್ತದೆ. ಮರುದಿನವೇ ತೆಗೆದು ತಂಪಿನಲ್ಲಿಟ್ಟು ಕಳಿಸಿದರೆ ಏರಿಕೆಯ ಅಂದಾಜು ಸಿಗುತ್ತದೆ. ಪೋಸಿಸ್ ಕೊಳ್ಳುವವರು ಈ ಬಾಟಲಿಯನ್ನು ಬಿಡಲೇಬಾರದು.

ಹಾಗೆಂದು ಸರಾಸರಿಗೆ ಬೆಲೆ ಇಲ್ಲವೆಂದಲ್ಲ. ಸಣ್ಣ ಪ್ರಮಾಣ ಮತ್ತೆ ಮತ್ತೆ ಬೀಳುವುದು ಜೌಗಿಗೆ ಎಷ್ಟು ಕೆಟ್ಟದ್ದು ಎಂಬುದಕ್ಕೆ ಅಮೆರಿಕದ ಜೀವವಿಜ್ಞಾನಿ ರಿಕ್ ರೆಲಿಯಾ ತಂಡ 2008ರಲ್ಲಿ ಪ್ರಕಟಿಸಿದ ತೊಟ್ಟಿ ಪ್ರಯೋಗ ಸಾಕ್ಷಿ. ಮ್ಯಾಲಥಿಯಾನ್ ಎಂಬ ಕೀಟನಾಶಕ ಗೊದಮೊಟ್ಟೆಗಳನ್ನು ನೇರವಾಗಿ ಕೊಲ್ಲಲಿಲ್ಲ. ಅದು ನೀರುಚಿಗಟದಂಥ ಸೂಕ್ಷ್ಮಪ್ರಾಣಿಗಳನ್ನು ಕೊಂದಿತು. ತಿನ್ನುವವರಿಲ್ಲದೆ ತೇಲುಪಾಚಿ ಉಕ್ಕಿ ನೀರು ಹಸಿರಾಯಿತು, ತಳಕ್ಕೆ ಬೆಳಕು ಇಳಿಯಲಿಲ್ಲ. ತಳದ ಕಲ್ಲು, ಎಲೆಗಳ ಮೇಲಿನ ಪಾಚಿ ಸೊರಗಿತು, ಅದನ್ನೇ ಕೆರೆದು ತಿನ್ನುವ ಲೆಪರ್ಡ್ ಕಪ್ಪೆಯ ಗೊದಮೊಟ್ಟೆಗಳು ಬೆಳೆಯಲಿಲ್ಲ. ನೀರು ಬತ್ತುವ ಹೊತ್ತಿಗೆ ಅವುಗಳಲ್ಲಿ ಬಹಳಷ್ಟಕ್ಕೆ ಕಪ್ಪೆಯಾಗಲು ಆಗಲಿಲ್ಲ. ವಾರಕ್ಕೊಮ್ಮೆ ಹಾಕಿದ ಲೀಟರಿಗೆ 10 ಮೈಕ್ರೋಗ್ರಾಂ, ಒಂದೇ ಸಲ ಹಾಕಿದ 250 ಮೈಕ್ರೋಗ್ರಾಂಗಿಂತ ಹಲವು ವಿಷಯದಲ್ಲಿ ಹೆಚ್ಚು ಹಾಳುಮಾಡಿತ್ತು. ಇಂಥ ಪದೇಪದೇ ಬೀಳುವ ಹನಿಯನ್ನು ಕೂಡಿಸಿಡುವುದರಲ್ಲಿ ಪೋಸಿಸ್‌ಗೆ ಬಾಟಲಿ ಸಾಟಿಯಲ್ಲ.

ಇಡುವ ಕ್ರಮದಲ್ಲೇ ಅರ್ಧ ಫಲಿತಾಂಶ ನಿರ್ಧಾರವಾಗುತ್ತದೆ. ಬಿಲ್ಲೆಗಳು ಗಾಳಿಯಾಡದ ತಗಡಿನ ಡಬ್ಬಿಯಲ್ಲಿ ಬರುತ್ತವೆ, ನೀರಿನ ಪಕ್ಕ ನಿಂತ ಮೇಲೆಯೇ ಮುಚ್ಚಳ ತೆಗೆಯಬೇಕು. ನೈಟ್ರೈಲ್ ಕೈಗವಸು ಹಾಕಿ. ಸೊಳ್ಳೆ ಓಡಿಸುವ ಕ್ರೀಮು ಹಚ್ಚಿದ ಕೈಯಿಂದ ಮುಟ್ಟಿದರೆ ಮುಂದೆ ವರದಿಯಲ್ಲಿ ಆ ಕ್ರೀಮಿನ ಡೀಟ್ ಕಾಣುತ್ತದೆ. ಜೊತೆಗೆ ಒಂದು ಬಿಲ್ಲೆಯನ್ನು ಇಡುವಾಗಲೂ ತೆಗೆಯುವಾಗಲೂ ಅಷ್ಟೇ ಹೊತ್ತು ಗಾಳಿಗೆ ತೆರೆದಿಟ್ಟು ಮತ್ತೆ ಮುಚ್ಚಿ ಕಳಿಸಿ. ಅದರಲ್ಲೂ ಕೀಟನಾಶಕ ಸಿಕ್ಕರೆ ನೀರಿನದಲ್ಲ, ಗಾಳಿಯದೋ ಕೈಯದೋ ಎಂದು ತಿಳಿಯುತ್ತದೆ. ಖರ್ಚು ಉಳಿಸಲು ಜನ ಮೊದಲು ಕೈಬಿಡುವುದು ಈ ಬಿಲ್ಲೆಯನ್ನೇ, ಆಮೇಲೆ ಇಡೀ ವರದಿ ತಕರಾರಿಗೆ ಸಿಕ್ಕುತ್ತದೆ.

ಡಬ್ಬಿಯನ್ನು ತಳದಿಂದ ಕನಿಷ್ಠ 15 ಸೆಂಟಿಮೀಟರ್ ಮೇಲೆ, ನೆರಳಿರುವ ಕಡೆ, ಗೂಟಕ್ಕೆ ಬಿಗಿದು ಕಟ್ಟಿ. ತಳಕ್ಕೆ ತಾಗಿದರೆ ಹೂಳು ಪೊರೆಯನ್ನು ಮುಚ್ಚುತ್ತದೆ. ಬಿಲ್ಲೆ ಲಂಬವಾಗಿ ನಿಂತರೆ ಒಳಗಿನ ಪುಡಿ ಜಾರಿ ಕೆಳಗೆ ಗುಡ್ಡೆಯಾಗುತ್ತದೆ. ಆಗ 41 ಚದರ ಸೆಂಟಿಮೀಟರಿನಲ್ಲಿ ಕೆಲಸ ಮಾಡುವುದು ಒಂದು ಭಾಗ ಮಾತ್ರ. ಆದ್ದರಿಂದ ಅಡ್ಡಲಾಗಿ ಮಲಗುವಂತೆ ಕೂರಿಸಿ. ಜೌಗಿನಲ್ಲಿ ಮೂರು ವಾರದೊಳಗೆ ನೀರು ಒಂದು ಗೇಣು ಇಳಿಯುವುದು ಸಾಮಾನ್ಯ. ಬಿಲ್ಲೆ ಗಾಳಿಗೆ ತೆರೆದುಕೊಂಡರೆ ದಿನಗಳ ಲೆಕ್ಕ ಕೆಡುತ್ತದೆ, ಗಾಳಿಯಲ್ಲಿ ತೇಲಿಬರುವ ಸಿಂಪಡಣೆಯೂ ನೇರವಾಗಿ ಕೂರುತ್ತದೆ. ಡಬ್ಬಿಯೊಳಗೊಂದು ಸಣ್ಣ ತಾಪಮಾನ ಲಾಗರ್ ಹಾಕಿದರೆ ಇದು ಗೊತ್ತಾಗುತ್ತದೆ: ಹಗಲು ರಾತ್ರಿಯ ಏರಿಳಿತ ಒಮ್ಮೆಲೇ ದೊಡ್ಡದಾದ ದಿನವೇ ಬಿಲ್ಲೆ ನೀರಿನಿಂದ ಹೊರಬಂದ ದಿನ.

ತೆಗೆದಾಗ ಪೊರೆಯನ್ನು ಬೆಳಕಿಗೆ ಹಿಡಿದು ನೋಡಿ. ಲೋಳೆಯ ಪದರದ ಅಡಿಯಲ್ಲಿ ಸೂಜಿಮೊನೆಯಷ್ಟು ತೂತು ಅಥವಾ ಬಸವನಹುಳು ಕೆರೆದ ಗೀರು ಕಂಡರೆ ಆ ಬಿಲ್ಲೆಯ ಗುರುತು ಬರೆದಿಡಿ. ಲೋಳೆಯನ್ನು ಉಜ್ಜಿ ತೊಳೆಯಬಾರದು, ಪೊರೆ ಒದ್ದೆ ಕಾಗದದಂತೆ ಹರಿಯುತ್ತದೆ. ಶುದ್ಧ ನೀರಿನಲ್ಲಿ ಮೆಲ್ಲಗೆ ಅದ್ದಿ, ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಸಾಗಿಸಿ, ತಲುಪಿದ ಮೇಲೆ ಮೈನಸ್ 20 ಡಿಗ್ರಿಯಲ್ಲಿಡಬೇಕು.

ಪ್ರಯೋಗಾಲಯವನ್ನು ಗೊತ್ತುಮಾಡಿಕೊಳ್ಳದೆ ಬಿಲ್ಲೆ ಕೊಳ್ಳಬೇಡಿ. ಪುಡಿಯನ್ನು ಮೆಥನಾಲ್‌ನಿಂದ ತೊಳೆದು ಎಲ್‌ಸಿ-ಎಂಎಸ್‌ ಎಂಬ, ರಾಸಾಯನಿಕಗಳನ್ನು ಬೇರ್ಪಡಿಸಿ ಗುರುತಿಸುವ ಯಂತ್ರದಲ್ಲಿ ಓದಿಸುವ ಖರ್ಚು ಬಿಲ್ಲೆಗಿಂತ ಬಹಳ ಹೆಚ್ಚು. ಬಿಚ್ಚುವಾಗ ಉಳಿದ ಪುಡಿಯನ್ನು ತೂಗುತ್ತಾರೆಯೇ ಎಂದು ಮೊದಲೇ ಕೇಳಿ. 200ರಲ್ಲಿ 150 ಮಿಲಿಗ್ರಾಂ ಮಾತ್ರ ಸಿಕ್ಕಿದ್ದರೆ ಆ ಕೊರತೆಗೆ ಲೆಕ್ಕ ಸರಿಪಡಿಸಬೇಕು. ಮೂರು ಬಿಲ್ಲೆಗಳ ಅಂಕಿ ಒಂದಕ್ಕೊಂದು ತೀರ ದೂರವಿದ್ದರೆ ಸಾಮಾನ್ಯವಾಗಿ ಪುಡಿ ಸೋರಿದ್ದೇ ಕಾರಣ. ಪಟ್ಟಿಯಲ್ಲಿ ಮೂಲ ಕೀಟನಾಶಕದ ಜೊತೆ ಅದು ಒಡೆದು ಆಗುವ ವಸ್ತುಗಳೂ ಇರಬೇಕು. ಫಿಪ್ರೋನಿಲ್ ಆಮ್ಲಜನಕವಿಲ್ಲದ ಜೌಗಿನ ತಳದಲ್ಲಿ ಫಿಪ್ರೋನಿಲ್ ಸಲ್ಫೈಡ್ ಆಗುತ್ತದೆ, ಅದೂ ಹುಳುಗಳಿಗೆ ವಿಷವೇ. ಫಿಪ್ರೋನಿಲ್ ಒಂದನ್ನೇ ಹುಡುಕಿದ ವರದಿ ನೀರನ್ನು ತಪ್ಪಾಗಿ ನಿರ್ದೋಷಿ ಮಾಡುತ್ತದೆ.

ಬದಲಿಗೆ ಏನಿದೆ? ಕೆಮ್‌ಕ್ಯಾಚರ್ ಎಂಬ ಇನ್ನೊಂದು ಸಾಧನದಲ್ಲಿ ಪುಡಿಯ ಬದಲು 47 ಮಿಲಿಮೀಟರ್ ಅಗಲದ ಗಟ್ಟಿ ತಟ್ಟೆ ಇರುತ್ತದೆ. ಜಾರುವುದಿಲ್ಲ, ಸೋರುವುದಿಲ್ಲ, ಆದರೆ ಒಂದೇ ಬದಿ ತೆರೆದಿರುವುದರಿಂದ ಹೀರುವುದು ಕಡಿಮೆ. ಬಣ್ಣ ಬದಲಾಯಿಸುವ ಕಿಣ್ವದ ಪಟ್ಟಿಗಳನ್ನು ಜೌಗಿಗೆ ನಾವು ಒಪ್ಪುವುದಿಲ್ಲ. ಅವು ಆರ್ಗ್ಯಾನೋಫಾಸ್ಫೇಟ್ ಮತ್ತು ಕಾರ್ಬಮೇಟ್ ಗುಂಪನ್ನು ಮಾತ್ರ ಗುರುತಿಸುತ್ತವೆ. ಅದರಲ್ಲೂ ಮ್ಯಾಲಥಿಯಾನ್, ಕ್ಲೋರ್‌ಪೈರಿಫಾಸ್‌ನಂಥವನ್ನು ಮೊದಲು ಆಕ್ಸಾನ್ ಎಂಬ ಆಕ್ಸಿಡೀಕೃತ ರೂಪಕ್ಕೆ ತಿರುಗಿಸದಿದ್ದರೆ ಪಟ್ಟಿ ಸರಿಯಾಗಿ ಸ್ಪಂದಿಸುವುದಿಲ್ಲ. ಇಮಿಡಾಕ್ಲೋಪ್ರಿಡ್ ಎಷ್ಟಿದ್ದರೂ ಅದಕ್ಕೆ ಕಾಣದು.

ಒಂದೇ ಜೌಗನ್ನು ಒಂದೇ ಸಲ ನೋಡಿ ಬಿಡುವವರಿಗೆ ಪೋಸಿಸ್ ದುಬಾರಿ, ಬೇಡ. ಬಿತ್ತನೆಯಿಂದ ಕೊಯ್ಲಿನವರೆಗೆ ಮೂರು ವಾರಕ್ಕೊಮ್ಮೆ ಬಿಲ್ಲೆ ಬದಲಿಸುತ್ತ, ಅದೇ ಜಾಗದಲ್ಲಿ ಬಲೆ ಹಾಕಿ ಹುಳುಗಳನ್ನು ಎಣಿಸುವವರಿಗೆ ಕರಗಿದ ಕೀಟನಾಶಕಗಳ ಮಟ್ಟಿಗೆ ಇದಕ್ಕಿಂತ ಒಳ್ಳೆಯದು ಸದ್ಯ ಇಲ್ಲ. ಹಿಂದೆ ಹೊಲವಾಗಿದ್ದ ನೆಲಕ್ಕೆ ಮತ್ತೆ ನೀರು ಬಿಟ್ಟು ಜೌಗು ಮಾಡುವ ಯೋಜನೆಗಳಲ್ಲಿ ಮಾತ್ರ ಇದನ್ನೊಂದನ್ನೇ ನೆಚ್ಚಬೇಡಿ. ಫ್ಲಾರಿಡಾದ ಅಪೋಪ್ಕಾ ಸರೋವರದ ದಂಡೆಯಲ್ಲಿ ಹಾಗೆ ನೀರು ತುಂಬಿಸಿದ ಮೇಲೆ 1998-99ರ ಚಳಿಗಾಲದಲ್ಲಿ ಪೆಲಿಕನ್, ಕೊಕ್ಕರೆಗಳಂಥ ಮೀನು ತಿನ್ನುವ ನೂರಾರು ಹಕ್ಕಿಗಳು ಸತ್ತವು. ಕಾರಣ ಮಣ್ಣಿನಲ್ಲಿ ಉಳಿದಿದ್ದ ಟಾಕ್ಸಾಫೀನ್, ಡೀಲ್ಡ್ರಿನ್, ಡಿಡಿಟಿ ಗುಂಪಿನ ಹಳೆಯ ವಿಷಗಳು. ಇವು ಕೊಬ್ಬಿನಲ್ಲಿ ಕರಗಿ ಮೀನಿನಿಂದ ಹಕ್ಕಿಗೆ ಏರುತ್ತವೆ, ನೀರಿನಲ್ಲಿ ಹೆಚ್ಚು ಕರಗುವುದಿಲ್ಲ, ಪೋಸಿಸ್ ಪುಡಿಗೆ ಸಿಗುವುದೂ ಇಲ್ಲ. ಅಂಥ ಕಡೆ ನೀರು ಬಿಡುವ ಮುಂಚೆಯೇ ಮೇಲ್ಮಣ್ಣನ್ನು, ಬಿಟ್ಟ ಮೇಲೆ ಸಣ್ಣ ಮೀನುಗಳನ್ನು ಪರೀಕ್ಷೆಗೆ ಕಳಿಸಬೇಕು.