ಐದು ಮೀಟರಿನ ಡ್ರೈನ್ ಸ್ಪ್ರಿಂಗ್: ನಮ್ಮ ತೆಂಗಿನೆಣ್ಣೆ ಅಡುಗೆಮನೆಯಲ್ಲಿ ಹಲವು ವರ್ಷ ಬಳಸಿದ ಮೇಲೆ

ಸಿಂಕ್ ಕಟ್ಟಿಕೊಂಡರೆ ಮೊದಲು ಕಟ್ಟು ಬಿಡಿಸುವ ಪುಡಿ ಸುರಿಯಬೇಡಿ, ಸ್ಪ್ರಿಂಗ್ ಹಾಕಿ ನೋಡಿ. ಹಲವು ಮಳೆಗಾಲ ಇದನ್ನು ಬಳಸಿದ ಮೇಲೆ ಧೈರ್ಯವಾಗಿ ಈ ಮಾತು ಹೇಳುತ್ತಿದ್ದೇನೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸುರುಳಿ ಸುತ್ತಿ ನೇತುಹಾಕಿರುತ್ತಾರಲ್ಲ, ಒಂದು ತುದಿಯಲ್ಲಿ ತಿರುಗಿಸುವ ಹಿಡಿ, ಇನ್ನೊಂದು ತುದಿಯಲ್ಲಿ ಸ್ವಲ್ಪ ಅಗಲವಾಗಿ ಬಿಚ್ಚಿಕೊಂಡ ಉಕ್ಕಿನ ಸುರುಳಿ, ಅದೇ. ನಮ್ಮದು ಐದು ಮೀಟರ್ ಉದ್ದದ್ದು. ಬದಿಯಡ್ಕದಲ್ಲಿ ಕೊಂಡಾಗ 400 ರೂಪಾಯಿ ಒಳಗೇ ಸಿಕ್ಕಿತ್ತು. ಕಂಪೆನಿ ಹೆಸರಿಲ್ಲ, ಗ್ಯಾರಂಟಿಯೂ ಇಲ್ಲ. ಆಗ ಪ್ಲಂಬರ್ ಒಮ್ಮೆ ಮನೆಗೆ ಬಂದು ಹೋದರೆ ಇದಕ್ಕಿಂತ ಜಾಸ್ತಿ ಕೊಡಬೇಕಿತ್ತು. ಅದಕ್ಕೂ ಮೊದಲು ಅವರು ಬರುವ ದಿನಕ್ಕೆ ಕಾಯಬೇಕಿತ್ತು.

ನಮ್ಮ ಮನೆ ನೀರ್ಚಾಲಿನ ಹತ್ತಿರ. ಹಳೆ ಮನೆಗೆ ಆಮೇಲೆ ಸೇರಿಸಿದ ಅಡುಗೆಮನೆ. ಸಿಂಕಿನ ನೀರು ಗೋಡೆಯೊಳಗಿನ ಪೈಪಿನಲ್ಲಿ ಎರಡು ಕಡೆ ತಿರುಗಿ ಹಿತ್ತಿಲಿನ ಚೇಂಬರಿಗೆ, ಅಂದರೆ ಪೈಪು ಬಂದು ಸೇರುವ ಚಿಕ್ಕ ತೊಟ್ಟಿಗೆ, ಬೀಳುತ್ತದೆ. ಅಲ್ಲಿಂದ ಹೊಂಡಕ್ಕೆ. ಕಟ್ಟುವುದು ಹೆಚ್ಚಾಗಿ ಆ ಎರಡು ತಿರುವುಗಳಲ್ಲೇ.

ಕಾಸರಗೋಡು ಕಡೆಯ ಅಡುಗೆಮನೆಗಳಲ್ಲಿ ಈ ತೊಂದರೆ ಜಾಸ್ತಿ ಆಗುವುದಕ್ಕೆ ಕಾರಣ ನಮ್ಮ ಅಡುಗೆಯಲ್ಲೇ ಇದೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ಗಟ್ಟಿಯಾಗುತ್ತದೆ. ಧನುರ್ಮಾಸದ ಬೆಳಗ್ಗೆ ಬಾಟಲಿಯ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿರುವುದನ್ನು ನಾವೆಲ್ಲ ನೋಡಿದ್ದೇವೆ ಅಲ್ವಾ? ಪೈಪಿನೊಳಗೂ ಅದೇ ಆಗುತ್ತದೆ. ಬಾಣಲೆ ತೊಳೆದ ಎಣ್ಣೆ ಪೈಪಿನ ಒಳಮೈಗೆ ಅಂಟುತ್ತದೆ. ಅದರ ಮೇಲೆ ಕುಚ್ಚಲಕ್ಕಿ ಗಂಜಿಯ ತಿಳಿ ಹೋಗಿ ಅಂಟಾಗುತ್ತದೆ. ಮಿಕ್ಸಿ ತೊಳೆದಾಗ ಬರುವ ಕಾಯಿತುರಿಯ ನಾರು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಇದು ಒಂದೇ ದಿನದಲ್ಲಿ ಆಗುವುದಿಲ್ಲ. ಮೊದಲು ನೀರು ನಿಧಾನವಾಗಿ ಇಳಿಯುತ್ತದೆ, ಗುಳುಗುಳು ಸದ್ದು ಬರುತ್ತದೆ. ಆ ಹೊತ್ತಿಗೇ ಸ್ಪ್ರಿಂಗ್ ಹಾಕಿದರೆ ಕೆಲಸ ಬಹಳ ಸುಲಭ. ಪೂರ್ತಿ ನಿಂತ ಮೇಲೆ ಕಷ್ಟ.

ಬಳಸುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅಂಗಡಿಯಲ್ಲಿ ಯಾರೂ ಇದನ್ನು ಹೇಳಿಕೊಡುವುದಿಲ್ಲ. ಸಿಂಕಿನ ಮೇಲಿನ ಜಾಲರಿಯಿಂದ ತೂರಿಸುವುದಕ್ಕೆ ಹೋಗಬೇಡಿ. ಕೆಳಗೆ ಬಾಟಲ್ ಟ್ರ್ಯಾಪ್ ಇರುತ್ತದೆ, ಪ್ಲಾಸ್ಟಿಕ್ ಲೋಟದಂಥ ಭಾಗ. ಒಂದು ಬಕೆಟ್ ಇಟ್ಟು ಅದನ್ನು ಕೈಯಿಂದಲೇ ತಿರುಗಿಸಿ ಬಿಚ್ಚಿ. ಎಷ್ಟೋ ಸಲ ಕಸ ಅಲ್ಲೇ ಇರುತ್ತದೆ, ಸ್ಪ್ರಿಂಗ್ ಬೇಕಾಗುವುದೇ ಇಲ್ಲ. ಅಲ್ಲಿ ಇಲ್ಲದಿದ್ದರೆ ಗೋಡೆಯೊಳಗೆ ಹೋಗುವ ಪೈಪಿನ ಬಾಯಿಗೇ ನೇರವಾಗಿ ಸ್ಪ್ರಿಂಗ್ ಬಿಡಿ. ಹಿಡಿ ಸ್ಪ್ರಿಂಗಿನ ಮೇಲೆ ಸರಿಯುತ್ತದೆ; ಅದನ್ನು ಪೈಪಿನ ಬಾಯಿಂದ ಒಂದು ಗೇಣು ದೂರಕ್ಕೆ ತಂದು ಅದರ ಸ್ಕ್ರೂ ಬಿಗಿ ಮಾಡಿ. ತಿರುಗಿಸುತ್ತಾ ಮೆಲ್ಲ ಒಳಗೆ ದೂಡಿ. ಗೇಣಿನಷ್ಟು ಒಳಗೆ ಹೋದ ಮೇಲೆ ಸ್ಕ್ರೂ ಸಡಿಲಿಸಿ, ಹಿಡಿಯನ್ನು ಹಿಂದಕ್ಕೆ ಸರಿಸಿ, ಮತ್ತೆ ಬಿಗಿ ಮಾಡಿ.

ತಿರುವಿನಲ್ಲಿ ಸ್ಪ್ರಿಂಗ್ ನಿಲ್ಲುತ್ತದೆ. ಆಗ ಬಲ ಹಾಕಿ ದೂಡಿದರೆ ಅದು ಮಡಚಿಕೊಳ್ಳುತ್ತದೆ. ಒಮ್ಮೆ ಮಡಚಿದ ಸ್ಪ್ರಿಂಗ್ ಮತ್ತೆ ಸರಿ ಆಗುವುದಿಲ್ಲ. ಸುಮ್ನೆ ತಿರುಗಿಸುತ್ತಾ ಇರಿ, ತಾನಾಗಿ ತಿರುವು ದಾಟುತ್ತದೆ. ಕೆಲವು ಸಲ ಬಳಸಿದರೆ ಕೈಗೇ ವ್ಯತ್ಯಾಸ ತಿಳಿಯುತ್ತದೆ. ತಿರುವಿಗೆ ತಾಗಿದರೆ ಗಟ್ಟಿಯಾಗಿ ತಡೆಯುತ್ತದೆ. ಕೊಬ್ಬಿನ ಕಟ್ಟಾದರೆ ಮೆತ್ತಗೆ ಕಚ್ಚಿಕೊಳ್ಳುತ್ತದೆ. ಕಚ್ಚಿದ ಮೇಲೆ ಅದೇ ದಿಕ್ಕಿನಲ್ಲಿ ತಿರುಗಿಸುತ್ತಲೇ ಹೊರಗೆ ಎಳೆಯಬೇಕು. ಕಪ್ಪು ಬೂದು ಬಣ್ಣದ ಜಿಡ್ಡು ಹೊರಗೆ ಬರುತ್ತದೆ. ಕೆಟ್ಟ ವಾಸನೆ. ಕೈಗವಸು ಹಾಕಿಕೊಳ್ಳಿ. ಟ್ರ್ಯಾಪ್ ಮತ್ತೆ ಕೂರಿಸಿದ ಮೇಲೆ ಬಿಸಿನೀರು ಬಿಡಿ, ಆದರೆ ಕುದಿಯುವ ನೀರು ಬೇಡ. ಪಿವಿಸಿ ಪೈಪು ಅಷ್ಟು ಬಿಸಿ ತಾಳುವುದಿಲ್ಲ, ಜಾಯಿಂಟ್ ಸಡಿಲವಾಗುತ್ತದೆ. ಕೈ ತಾಳುವಷ್ಟು ಬಿಸಿ ಇದ್ದರೆ ತೆಂಗಿನೆಣ್ಣೆ ಕರಗಲು ಧಾರಾಳ ಸಾಕು.

ಇದಕ್ಕೆ ತೋಳ್ಬಲ ಬೇಡ, ತಾಳ್ಮೆ ಬೇಕು. ಗಂಡಸರು ಮನೆಯಲ್ಲಿ ಇಲ್ಲದ ಹೊತ್ತಿಗೆ ನಾನೊಬ್ಬಳೇ ಮಾಡಿ ಮುಗಿಸುತ್ತೇನೆ. ಪಕ್ಕದ ಮನೆಯವಳು "ಅಕ್ಕಾ, ನಿಮ್ಮ ಸ್ಪ್ರಿಂಗ್ ಒಂದು ಸಲ ಕೊಡ್ತೀರಾ" ಅಂತ ಬಂದರೆ ಸಂತೋಷದಿಂದ ಕೊಡುತ್ತೇನೆ. ಎರಡು ಮೂರು ಮನೆಯವರು ಸೇರಿ ಒಂದು ಇಟ್ಟುಕೊಂಡರೂ ಸಾಕು.

ಇನ್ನು ಪುಡಿಯ ವಿಷಯ. ಅಂಗಡಿಯಲ್ಲಿ ಸಿಗುವ ಚಿಕ್ಕ ಪ್ಯಾಕೆಟ್‌ಗಳಲ್ಲಿ ಮುಖ್ಯವಾಗಿ ಇರುವುದು ಕಾಸ್ಟಿಕ್ ಸೋಡಾ. ಅದು ಕೊಬ್ಬನ್ನು ಸಾಬೂನು ಮಾಡಿ ಕರಗಿಸುತ್ತದೆ, ನಿಜ. ಕಟ್ಟು ಚಿಕ್ಕದಿದ್ದರೆ ಕೆಲಸವೂ ಆಗುತ್ತದೆ. ಆದರೆ ನೀರು ಪೂರ್ತಿ ನಿಂತ ಪೈಪಿನಲ್ಲಿ ಅದು ಮುಂದೆ ಹೋಗದೆ ಅಲ್ಲೇ ಕಲ್ಲಿನ ಹಾಗೆ ಗಟ್ಟಿಯಾಗಬಹುದು. ಕೆಲವು ಪುಡಿಗಳಲ್ಲಿ ಅಲ್ಯುಮಿನಿಯಂ ಚೂರು ಇರುತ್ತದೆ. ನೀರು ತಾಗಿದರೆ ಕುದಿಯುವಷ್ಟು ಬಿಸಿಯಾಗುತ್ತದೆ, ಹೈಡ್ರೋಜನ್ ಅನಿಲವೂ ಬರುತ್ತದೆ. ಮುಖ ಬಗ್ಗಿಸಿ ನೋಡುವವರ ಕಣ್ಣಿಗೆ ಹಾರಿದರೆ ಗತಿ ಏನು?

ನಮ್ಮ ಅತ್ತೆಗೆ ಕನ್ನಡ ಬಿಟ್ಟರೆ ಬೇರೆ ಅಕ್ಷರ ಓದಲು ಬರುವುದಿಲ್ಲ. ನಮ್ಮ ಮನೆಗೆ ಬಂದ ಪ್ಯಾಕೆಟ್‌ಗಳ ಮೇಲೆ ಎಚ್ಚರಿಕೆ ಕನ್ನಡದಲ್ಲಿ ಇರಲೇ ಇಲ್ಲ. ಅಡುಗೆಮನೆಯಲ್ಲಿ ಅಂಥದ್ದನ್ನು ಇಡುವುದಕ್ಕೆ ನನಗೆ ಮನಸ್ಸಿಲ್ಲ. ಅದಕ್ಕಿಂತ ದೊಡ್ಡ ಕಾರಣ ಬಾವಿ. ನಮ್ಮದು ಮುರಕಲ್ಲಿನ ನೆಲ, ನೀರು ಬೇಗ ಇಂಗುತ್ತದೆ. ಹೊಂಡಕ್ಕೆ ಹೋದದ್ದು ಹಿತ್ತಿಲಲ್ಲೇ ಇಂಗುವುದು. ಎಷ್ಟೋ ಮನೆಗಳಲ್ಲಿ ಸಿಂಕಿನ ನೀರನ್ನು ಬಾಳೆ ಬುಡಕ್ಕೆ, ಕೆಸುವಿನ ಪಾತಿಗೆ ಬಿಡುತ್ತಾರೆ. ಕಾಸ್ಟಿಕ್ ಹೋದರೆ ಬೇರು ಸುಡುತ್ತದೆ. ಸೆಪ್ಟಿಕ್ ಟ್ಯಾಂಕಿಗೆ ಸೇರಿಸಿದ್ದರೆ ಅದರಲ್ಲಿ ಕೊಳೆಯಿಸುವ ಬ್ಯಾಕ್ಟೀರಿಯಾ ಸಾಯುತ್ತವೆ.

ಒಂದು ಮಾತು ದಯವಿಟ್ಟು ಮರೆಯಬೇಡಿ. ಬಾವಿಗೆ ಹಾಕಲು ತಂದ ಬ್ಲೀಚಿಂಗ್ ಪೌಡರ್ ಸುಮಾರು ಮನೆಗಳಲ್ಲಿ ಇರುತ್ತದೆ. ಕಕ್ಕಸು ತೊಳೆಯುವ ಆಸಿಡ್ ಕೂಡ ಇರುತ್ತದೆ. ಎರಡನ್ನೂ ಒಂದೇ ತೂತಿಗೆ ಸುರಿದರೆ ಕ್ಲೋರಿನ್ ಅನಿಲ ಬರುತ್ತದೆ. ಮುಚ್ಚಿದ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ. ಪುಡಿ ಸುರಿದೂ ಕಟ್ಟು ಬಿಡದಿದ್ದರೆ ಆ ನೀರಿಗೆ ಸ್ಪ್ರಿಂಗ್ ಹಾಕಬೇಡಿ, ಮೈಮೇಲೆ ಸಿಡಿಯುತ್ತದೆ. ಪ್ಲಂಬರನ್ನು ಕರೆದು, ಪುಡಿ ಹಾಕಿದ್ದೇವೆ ಅಂತ ಮೊದಲೇ ಹೇಳಿಬಿಡಿ.

ಅಡುಗೆ ಸೋಡಾ ಮತ್ತು ವಿನೆಗರ್? ನೊರೆ ಚೆನ್ನಾಗಿ ಬರುತ್ತದೆ. ಎರಡೂ ಸೇರಿ ಒಂದರ ಶಕ್ತಿಯನ್ನು ಒಂದು ಕಳೆಯುತ್ತವೆ, ಅಷ್ಟೇ. ಗಟ್ಟಿಯಾದ ಕೊಬ್ಬಿಗೆ ಏನೂ ಆಗುವುದಿಲ್ಲ.

ಸ್ಪ್ರಿಂಗಿನಿಂದ ಆಗದ ಕೆಲಸಗಳೂ ಇವೆ. ಹೊರಗಿನ ದೊಡ್ಡ ಪೈಪಿನಲ್ಲಿ ಇದು ಅತ್ತಿತ್ತ ಬಳುಕುತ್ತದೆ, ಕಟ್ಟಿಗೆ ಒತ್ತು ಸಿಗುವುದಿಲ್ಲ. ಒಂದು ವರ್ಷ ನಮ್ಮ ಹಿತ್ತಿಲಿನ ಜಾಯಿಂಟ್‌ನೊಳಗೆ ತೆಂಗಿನ ಬೇರು ನುಗ್ಗಿ ಉಂಡೆ ಕಟ್ಟಿತ್ತು. ಸ್ಪ್ರಿಂಗ್ ಅದನ್ನು ಕತ್ತರಿಸಲಿಲ್ಲ. ಅಗೆದು, ಅಷ್ಟು ಪೈಪ್ ಬದಲಾಯಿಸಿಯೇ ಸರಿಯಾಯಿತು. ಆಟಿ ತಿಂಗಳ ಮಳೆಗೆ ಹೊಂಡವೇ ತುಂಬಿ ನಿಂತರೆ ಕೂಡ ಇದರಿಂದ ಪ್ರಯೋಜನ ಇಲ್ಲ. ಸಿಂಕ್, ಬಚ್ಚಲು ಎಲ್ಲ ಕಡೆ ಒಟ್ಟಿಗೇ ನೀರು ನಿಂತರೆ ತೊಂದರೆ ಹೊರಗಿದೆ ಅಂತ ತಿಳಿಯಿರಿ. ಸೆಪ್ಟಿಕ್ ಟ್ಯಾಂಕ್ ತುಂಬಿದ್ದರೆ ಪಂಪಿನ ಲಾರಿಯವರನ್ನೇ ಕರೆಯಿರಿ. ಯಾರನ್ನೂ ಒಳಗೆ ಇಳಿಸಬೇಡಿ. ರಕ್ಷಣೆ ಇಲ್ಲದೆ ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಒಳಗಿನ ವಿಷಾನಿಲಕ್ಕೆ ಜನ ಸತ್ತಿದ್ದಾರೆ.

ಬಾಳಿಕೆಯ ಬಗ್ಗೆ ಹೇಳುವುದಾದರೆ, ತುಕ್ಕು ಇದರ ದೊಡ್ಡ ಶತ್ರು. ನಮ್ಮ ಮಳೆಗಾಲದ ತೇವಕ್ಕೆ ಒದ್ದೆ ಸ್ಪ್ರಿಂಗ್ ಬೇಗ ಕೆಂಪಾಗುತ್ತದೆ. ತೊಳೆದು, ಬಿಸಿಲು ಇಲ್ಲದಿದ್ದರೆ ಒಲೆಯ ಹತ್ತಿರ ಒಣಗಿಸಿ, ಎಣ್ಣೆಬಟ್ಟೆಯಲ್ಲಿ ಒರೆಸಿ ಇಡುತ್ತೇನೆ. ತುದಿಯಲ್ಲಿ ಸ್ವಲ್ಪ ತುಕ್ಕು ಬಂದಿದೆ, ಉಳಿದದ್ದು ಚೆನ್ನಾಗಿದೆ. ಬೇಗ ಸವೆದದ್ದು ಹಿಡಿಯ ಸ್ಕ್ರೂ. ಅಂಗಡಿಯಿಂದ ಬೇರೆ ಬೋಲ್ಟ್ ತಂದು ಹಾಕಿದೆವು.

ಕೊಳ್ಳುವಾಗ ಬೆರಳಲ್ಲಿ ಬಗ್ಗಿಸಿ ನೋಡಿ. ಬಿಟ್ಟ ಕೂಡಲೇ ನೇರವಾಗಬೇಕು. ಬಗ್ಗಿದ ಹಾಗೇ ಉಳಿದರೆ ಬೇಡ. ಸುರುಳಿಗಳ ನಡುವೆ ಸಂದು ಕಾಣಬಾರದು. ಸಿಂಕಿನಿಂದ ಚೇಂಬರಿನವರೆಗೆ ಒಂದು ಹಗ್ಗ ಹಿಡಿದು ಅಳೆದುಕೊಂಡು ಹೋಗಿ. ಐದು ಮೀಟರಿಗಿಂತ ಜಾಸ್ತಿ ಇದ್ದರೆ ಹತ್ತು ಮೀಟರಿನದ್ದು ಕೇಳಿ, ಅಥವಾ ಚೇಂಬರಿನ ಕಡೆಯಿಂದಲೂ ಹಾಕಬಹುದು. ಜೊತೆಗೆ ಸಿಂಕಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಒಂದು ತನ್ನಿ. ಬಾಣಲೆಯ ಎಣ್ಣೆಯನ್ನು ತೊಳೆಯುವ ಮೊದಲು ಹಳೆ ಕಾಗದದಲ್ಲಿ ಒರೆಸಿ ಒಲೆಗೆ ಹಾಕಿ. ನಮ್ಮಲ್ಲಿ ಹೀಗೆ ಮಾಡಲು ಶುರು ಮಾಡಿದ ಮೇಲೆ ಸ್ಪ್ರಿಂಗ್ ಹೊರಗೆ ತೆಗೆಯುವುದೇ ಕಡಿಮೆಯಾಗಿದೆ.