ಫೋಟೊ ನೋಡಿ ಹಳೆಯ ಕಾರಿನ ವರ್ಷ ಹೇಳುವ ಆ್ಯಪ್‌ಗಳು: ಎಲ್ಲಿಯವರೆಗೆ ನಂಬಬಹುದು?

ಹಳೆಯ ಕಾರಿನ ಫೋಟೊವೊಂದನ್ನು ತೋರಿಸಿದರೆ ಅದು ಯಾವ ಕಂಪನಿಯ ಯಾವ ಮಾದರಿ, ಯಾವ ವರ್ಷದ್ದು ಎಂದು ಕ್ಷಣಾರ್ಧದಲ್ಲಿ ಹೇಳುವ ಸೇವೆಗಳು ಈಗ ಮೂರು ಬಗೆಯಲ್ಲಿ ಸಿಗುತ್ತವೆ. ಫೋನಿನಲ್ಲಿಯೇ ಇರುವ ಚಿತ್ರ ಹುಡುಕಾಟ ಒಂದು, ಕಾರುಗಳನ್ನು ಗುರುತಿಸುವುದಕ್ಕೆಂದೇ ಮಾಡಿದ ಆ್ಯಪ್‌ಗಳು ಇನ್ನೊಂದು, ಕೇಳಿದ ಪ್ರಶ್ನೆಗೆ ವಾಕ್ಯಗಳಲ್ಲಿ ಉತ್ತರಿಸುವ ಕೃತಕ ಬುದ್ಧಿಮತ್ತೆಯ ಸಾಧನಗಳು ಮೂರನೆಯದು. ಮೂರನ್ನೂ ಬಳಸಿ, ವರ್ಷ ಖಚಿತವಾಗಿ ಗೊತ್ತಿದ್ದ ಕಾರುಗಳ ಫೋಟೊಗಳನ್ನು ಕೊಟ್ಟು ಪರೀಕ್ಷಿಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಯಾವ ಕಂಪನಿಯ ಹೆಸರನ್ನೂ ಇಲ್ಲಿ ಹೇಳುತ್ತಿಲ್ಲ. ಗುಣವೂ ದೋಷವೂ ಎಲ್ಲದರಲ್ಲಿ ಹೆಚ್ಚುಕಡಿಮೆ ಒಂದೇ ತೆರನಾಗಿದ್ದವು, ಮತ್ತು ಆ ದೋಷಕ್ಕೆ ಕಾರಣ ಇವುಗಳಿಗಿಂತ ಹೆಚ್ಚಾಗಿ ನಮ್ಮ ದೇಶದ ಕಾರುಗಳ ಚರಿತ್ರೆಯಲ್ಲಿದೆ. ಕಂಪನಿ ಮತ್ತು ಮಾದರಿಯ ಮಟ್ಟಿಗೆ ಈ ಸೇವೆಗಳು ನಿಜಕ್ಕೂ ಮೆಚ್ಚುವಂಥವು. ವರ್ಷದ ಮಟ್ಟಿಗೆ, ಅದರಲ್ಲೂ ಭಾರತದಲ್ಲಿ ತಯಾರಾದ ಕಾರಿನ ಮಟ್ಟಿಗೆ, ಇವು ಹೇಳಿದ್ದನ್ನು ಹಾಗೆಯೇ ಒಪ್ಪಿಕೊಳ್ಳಬಾರದು.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಅಮೆರಿಕದ ಕಾರುಗಳಲ್ಲಿ ಇವು ಬಹಳ ಚೆನ್ನಾಗಿ ಕೆಲಸ ಮಾಡುತ್ತವೆ, ಏಕೆಂದರೆ 1950ರ ದಶಕದಲ್ಲಿ ಅಲ್ಲಿನ ಕಂಪನಿಗಳು ಕಾರಿನ ಮುಖವನ್ನು ಪ್ರತಿವರ್ಷ ಬದಲಿಸುತ್ತಿದ್ದವು. ಷೆವ್ರೊಲೆ ಬೆಲ್ ಏರ್ ಇದಕ್ಕೆ ಒಳ್ಳೆಯ ಉದಾಹರಣೆ. 1955ರ ಕಾರಿನಲ್ಲಿ ಮುಂದಿನ ಗ್ರಿಲ್ ಎರಡು ದೀಪಗಳ ನಡುವೆ ಕೂತ ಸಣ್ಣ ಚೌಕುಳಿಯ ಜಾಲರಿ. 1956ರಲ್ಲಿ ಅದು ಕಾರಿನ ಪೂರ್ತಿ ಅಗಲಕ್ಕೆ ಚಾಚಿಕೊಂಡಿತು, ಪೆಟ್ರೋಲ್ ಹಾಕುವ ಮುಚ್ಚಳ ಎಡಬದಿಯ ಹಿಂದಿನ ದೀಪದ ಹಿಂದೆ ಅಡಗಿತು. 1957ರಲ್ಲಿ ಹಿಂಬದಿಯ ಎರಡೂ ಪಕ್ಕಗಳು ರೆಕ್ಕೆಯಂತೆ ಚೂಪಾಗಿ ಎದ್ದವು. ಮೂರು ವರ್ಷ, ಮೂರು ಮುಖ. ಕಾರಿನ ಮುಂಭಾಗವೋ ಹಿಂಭಾಗವೋ ಅರ್ಧ ಕಂಡರೂ ಸಾಕು, ಪರೀಕ್ಷಿಸಿದ ಎಲ್ಲ ಸೇವೆಗಳೂ ವರ್ಷವನ್ನು ಸರಿಯಾಗಿ ಹೇಳಿದವು. ಈ ಕಾರುಗಳ ಲಕ್ಷಾಂತರ ಫೋಟೊಗಳು ವರ್ಷದ ಸಮೇತ ಅಂತರ್ಜಾಲದಲ್ಲಿ ಇರುವುದರಿಂದ ಇದರಲ್ಲಿ ಆಶ್ಚರ್ಯವೇನೂ ಇಲ್ಲ, ಆದರೂ ಮಬ್ಬಾದ ಫೋಟೊದಲ್ಲಿಯೂ ಇಷ್ಟು ನಿಖರತೆ ಬಂದದ್ದು ಸಂತೋಷದ ವಿಷಯ.

ಇಲ್ಲಿಯೇ ಒಂದು ವಿವರವನ್ನು ಗಮನಿಸಬೇಕು. ಅಮೆರಿಕದಲ್ಲಿ ಮಾದರಿಯ ವರ್ಷವೂ ಕ್ಯಾಲೆಂಡರ್ ವರ್ಷವೂ ಒಂದೇ ಅಲ್ಲ. ಹೊಸ ಮಾದರಿ ಹಿಂದಿನ ವರ್ಷದ ಶರತ್ಕಾಲದಲ್ಲಿಯೇ ಮಾರಾಟಕ್ಕೆ ಬರುತ್ತಿದ್ದುದರಿಂದ, 1956ರ ನವೆಂಬರಿನಲ್ಲಿ ಕಾರ್ಖಾನೆಯಿಂದ ಹೊರಬಂದ ಕಾರು ಲೆಕ್ಕಕ್ಕೆ 1957ರದ್ದು. ಫೋಕ್ಸ್‌ವ್ಯಾಗನ್ ಬೀಟಲ್‌ಗೂ ಇಂಥದೇ ಲೆಕ್ಕವಿದೆ. ಅದರ ಮಾದರಿ ವರ್ಷ ಆಗಸ್ಟಿನಲ್ಲಿ ಶುರುವಾಗುತ್ತಿತ್ತು. ಆ್ಯಪ್ ಕೊಟ್ಟ ವರ್ಷ ಮಾದರಿಯದೋ ತಯಾರಿಕೆಯದೋ ಎಂಬುದನ್ನು ನಾನು ನೋಡಿದ ಯಾವ ಆ್ಯಪ್ ಕೂಡ ಸ್ಪಷ್ಟಪಡಿಸುವುದಿಲ್ಲ. ಆರ್‌ಸಿ ಪುಸ್ತಕದ ವರ್ಷದೊಂದಿಗೆ ಹೋಲಿಸಿ ನೋಡುವವರಿಗೆ ಈ ಒಂದು ವರ್ಷದ ವ್ಯತ್ಯಾಸ ಬಹಳ ಗೊಂದಲ ಉಂಟುಮಾಡುತ್ತದೆ.

ಬೀಟಲ್ ವಿಷಯದಲ್ಲಿ ಫಲಿತಾಂಶ ಮಿಶ್ರವಾಗಿತ್ತು. ಹಿಂದಿನ ಗಾಜು ಎರಡು ಹೋಳಾಗಿದ್ದರೆ ಅದು 1953ರ ಮಾರ್ಚಿಗಿಂತ ಹಿಂದಿನದು, ಒಂದೇ ಅಂಡಾಕಾರದ ಗಾಜಾದರೆ ಅಲ್ಲಿಂದ 1957ರ ಜುಲೈವರೆಗಿನದು, ಅಗಲವಾದ ಆಯತದ ಗಾಜಾದರೆ ಅದರ ನಂತರದ್ದು. ಇಷ್ಟನ್ನು ಎಲ್ಲ ಸೇವೆಗಳೂ ಕಂಡುಹಿಡಿದವು. ಆದರೆ ಹೆಡ್‌ಲೈಟಿನ ವಿಷಯ ಬಂದಾಗ ಎಡವಿದವು. ಓರೆಯಾದ ಗಾಜಿನ ಮುಚ್ಚಳದೊಳಗಿದ್ದ ಹೆಡ್‌ಲೈಟು ನೆಟ್ಟಗೆ ನಿಂತದ್ದು ಅಮೆರಿಕಕ್ಕೆ ಹೋದ ಕಾರುಗಳಲ್ಲಿ 1967ರ ಮಾದರಿಯಿಂದ, ಯುರೋಪಿನಲ್ಲಿ 1968ರ ಮಾದರಿಯಿಂದ. ಕಾರು ಯಾವ ದೇಶದ ಮಾರುಕಟ್ಟೆಗಾಗಿ ತಯಾರಾಯಿತು ಎಂದು ತಿಳಿಯದೆ ಆ ಹೆಡ್‌ಲೈಟ್ ಒಂದರಿಂದಲೇ ವರ್ಷ ಹೇಳಲು ಸಾಧ್ಯವಿಲ್ಲ. ನಾನು ಕೊಟ್ಟ ಫೋಟೊದಲ್ಲಿ ನಂಬರ್ ಪ್ಲೇಟು ಸ್ಪಷ್ಟವಾಗಿ ಕಾಣುತ್ತಿದ್ದರೂ ಅದರ ಕಡೆಗೆ ಯಾವುದೂ ಗಮನ ಕೊಡಲಿಲ್ಲ.

ಇನ್ನು ನಮ್ಮ ಕಾರುಗಳು. ಕರ್ನಾಟಕದ ಮನೆಗಳ ಹಳೆಯ ಆಲ್ಬಮ್‌ಗಳಲ್ಲಿ, ಮದುವೆಯ ಫೋಟೊಗಳಲ್ಲಿ, ಕಾಲೇಜಿನ ಮುಂದೆ ನಿಂತು ತೆಗೆಸಿಕೊಂಡ ಚಿತ್ರಗಳಲ್ಲಿ ಹೆಚ್ಚಾಗಿ ಕಾಣುವುದು ಅಂಬಾಸಿಡರ್ ಮತ್ತು ಫಿಯಟ್. ಅವುಗಳನ್ನು ತೋರಿಸಿದಾಗ ಬಂದ ಉತ್ತರಗಳು ನನ್ನನ್ನು ನಿಜವಾಗಿ ನಿರಾಶೆಗೊಳಿಸಿದವು. 1980ರ ದಶಕದ ಪ್ರೀಮಿಯರ್ ಪದ್ಮಿನಿಯನ್ನು ಒಂದು ಆ್ಯಪ್ 1963ರ ಫಿಯಟ್ 1100 ಡಿ ಎಂದಿತು. ತೀರಾ ಇತ್ತೀಚಿನ ಅಂಬಾಸಿಡರನ್ನು ಇನ್ನೊಂದು 1957ರ ಮಾರಿಸ್ ಆಕ್ಸ್‌ಫರ್ಡ್ ಎಂದಿತು. ಎರಡೂ ಉತ್ತರಗಳು ಪೂರ್ತಿ ಅಸಂಬದ್ಧವಲ್ಲ. ಇಟಲಿಯಲ್ಲಿ 1962ರಿಂದ 1966ರವರೆಗೆ ಮಾತ್ರ ತಯಾರಾದ ಫಿಯಟ್ 1100 ಡಿಯ ದೇಹವೇ ಮುಂಬಯಿಯ ಕುರ್ಲಾ ಕಾರ್ಖಾನೆಯಲ್ಲಿ ಮೊದಲು ಫಿಯಟ್ ಆಗಿ, 1970ರ ದಶಕದಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್ ಆಗಿ, ಆಮೇಲೆ ಪದ್ಮಿನಿಯಾಗಿ, ಶತಮಾನದ ಕೊನೆಯವರೆಗೂ ಬಂತು. ಇಂಗ್ಲೆಂಡಿನಲ್ಲಿ 1959ಕ್ಕೆ ನಿಂತುಹೋದ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ದೇಹ ಬಂಗಾಳದ ಉತ್ತರಪಾಡಾದಲ್ಲಿ 2014ರ ಮೇ ತಿಂಗಳವರೆಗೂ ಅಂಬಾಸಿಡರ್ ಹೆಸರಿನಲ್ಲಿ ತಯಾರಾಯಿತು. ವಿದೇಶದಲ್ಲಿ ನಾಲ್ಕು ವರ್ಷ ಬದುಕಿದ ರೂಪ ಇಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಬದುಕಿತು. ಆಕಾರವನ್ನು ಮಾತ್ರ ನೋಡಿ ವರ್ಷ ಹೇಳುವ ಯಂತ್ರಕ್ಕೆ ಈ ಅರ್ಧ ಶತಮಾನ ಕಾಣಿಸುವುದೇ ಇಲ್ಲ.

ಹಾಗೆಂದು ಅಂಬಾಸಿಡರಿನ ಕಾಲವನ್ನು ಫೋಟೊದಿಂದ ಹೇಳಲಾಗದು ಎಂದಲ್ಲ. ಅನುಭವಸ್ಥ ಮೆಕ್ಯಾನಿಕ್ ಒಬ್ಬರು ಗ್ರಿಲ್ ನೋಡಿಯೇ ಹೇಳುತ್ತಾರೆ. ಹಿಂಬದಿಯಲ್ಲಿ ಸಣ್ಣ ರೆಕ್ಕೆಗಳಿಲ್ಲದೆ ದುಂಡಗಿದ್ದರೆ ಅದು ಅಂಬಾಸಿಡರೇ ಅಲ್ಲ, ಅದಕ್ಕಿಂತ ಮೊದಲಿನ ಲ್ಯಾಂಡ್‌ಮಾಸ್ಟರ್. 1960ರ ದಶಕದ ಆರಂಭದಲ್ಲಿ ಬಂದ, ಅಂಬಾಸಿಡರಿನ ಎರಡನೆಯ ಆವೃತ್ತಿಯಾದ ಮಾರ್ಕ್ 2ರ ಗ್ರಿಲ್‌ನಲ್ಲಿ ಚೌಕುಳಿಗಳು ಚಿಕ್ಕದಾಗಿ ಒತ್ತೊತ್ತಾಗಿವೆ. 1970ರ ದಶಕದ ಮಧ್ಯದಲ್ಲಿ ಬಂದ ಮಾರ್ಕ್ 3ರಲ್ಲಿ ಆ ಚೌಕುಳಿಗಳು ದೊಡ್ಡದಾದವು. ಆ ದಶಕದ ಕೊನೆಯ ಮಾರ್ಕ್ 4ರಲ್ಲಿ ಗ್ರಿಲ್ಲೇ ಕಿರಿದಾಗಿ, ಪಾರ್ಕಿಂಗ್ ದೀಪಗಳು ಚೌಕವಾದವು. 1990ರ ದಶಕದಲ್ಲಿ ಇಸುಜು ಎಂಜಿನ್ ಬಂದಾಗ ಹಿಂದೆ 1800 ಐಎಸ್‌ಝಡ್ ಎಂಬ ಬಿಲ್ಲೆ ಕೂತಿತು. ಫಿಯಟ್‌ನಲ್ಲಿಯೂ ಹೀಗೆಯೇ ಗುರುತುಗಳುಂಟು: ಮುಂದಿನ ಬಾಗಿಲು ಹಿಂಬದಿಯ ಕೀಲಿನ ಮೇಲೆ ತಿರುಗಿ ತೆರೆಯುವಂತಿದ್ದರೆ ಅದು ಹಳೆಯದು, ನಂತರದ ಕಾರುಗಳ ಬಾಗಿಲು ಈಗಿನಂತೆ ಮುಂದಿನ ಕೀಲಿನ ಮೇಲೆ ತೆರೆಯುತ್ತದೆ. ಈ ಎಲ್ಲ ಗುರುತುಗಳಿಂದ ಸಿಗುವುದು ಒಂದು ಅವಧಿಯೇ ಹೊರತು ಒಂದೇ ವರ್ಷವಲ್ಲ. ಅಷ್ಟು ಸಿಕ್ಕರೂ ಒಂದು ಮನೆತನದ ಆಲ್ಬಮಿಗೆ ಸಾಕಷ್ಟಾಯಿತು, ಮತ್ತು ಅಷ್ಟನ್ನಾದರೂ ಹೇಳುವುದು ಈ ಆ್ಯಪ್‌ಗಳಿಂದ ಸಾಧ್ಯವಾಗಬೇಕಿತ್ತು.

ಸ್ಟ್ಯಾಂಡರ್ಡ್ ಹೆರಾಲ್ಡ್‌ನ ಉತ್ತರವಂತೂ ಇನ್ನೂ ವಿಚಿತ್ರವಾಗಿತ್ತು. ಮದ್ರಾಸಿನಲ್ಲಿ ತಯಾರಾದ ಈ ಕಾರಿಗೆ 1960ರ ದಶಕದ ಕೊನೆಗೆ ನಾಲ್ಕು ಬಾಗಿಲು ಬಂದವು. ಮೂಲವಾದ ಬ್ರಿಟಿಷ್ ಟ್ರಯಂಫ್ ಹೆರಾಲ್ಡ್‌ಗೆ ನಾಲ್ಕು ಬಾಗಿಲು ಎಂದೂ ಇರಲಿಲ್ಲ. ಬಾಗಿಲನ್ನು ಎಣಿಸಿದರೆ ದೇಶವೂ ಅವಧಿಯೂ ಒಟ್ಟಿಗೆ ತಿಳಿಯುವಂಥ ಸುಲಭದ ಸಂದರ್ಭ ಇದು. ಆದರೂ ಬಂದ ಉತ್ತರ 1961ರ ಟ್ರಯಂಫ್ ಹೆರಾಲ್ಡ್. ಕೃತಕ ಬುದ್ಧಿಮತ್ತೆಯ ಸಾಧನಕ್ಕೆ ಬಾಗಿಲುಗಳನ್ನು ಎಣಿಸಲು ಹೇಳಿದಾಗ ಅದು ತನ್ನ ಉತ್ತರವನ್ನು ತಿದ್ದಿಕೊಂಡು, ಭಾರತದ ಹೆರಾಲ್ಡ್ ಬಗ್ಗೆ ಸರಿಯಾದ ವಿವರಣೆಯನ್ನೂ ಕೊಟ್ಟಿತು. ಅಂದರೆ ಮಾಹಿತಿ ಅದರೊಳಗೆ ಇತ್ತು, ನೋಟ ಇರಲಿಲ್ಲ. ಮೂರು ಬಗೆಗಳಲ್ಲಿ ಈ ಸಾಧನವನ್ನೇ ನಾನು ಮೇಲೆಂದು ಪರಿಗಣಿಸುವುದಕ್ಕೆ ಇದೇ ಕಾರಣ: ಮರುಪ್ರಶ್ನೆ ಕೇಳಲು ಅವಕಾಶವಿದೆ, ಯಾವ ಗುರುತಿನಿಂದ ಆ ವರ್ಷಕ್ಕೆ ಬಂದಿರಿ ಎಂದು ವಿಚಾರಿಸಬಹುದು. ಆದರೆ ಅದು ಕೊಡುವ ಕಾರಣಗಳನ್ನೂ ಫೋಟೊದೊಂದಿಗೆ ತಾಳೆ ನೋಡಬೇಕು. ಫೋಟೊದಲ್ಲಿ ಕಾಣದ ಹಿಂದಿನ ದೀಪದ ಆಕಾರವನ್ನು ಕಾರಣವಾಗಿ ಹೇಳಿದ್ದನ್ನು ನಾನು ಕಂಡಿದ್ದೇನೆ.

ನನ್ನ ಮುಖ್ಯ ಆಕ್ಷೇಪ ಇರುವುದು ಉತ್ತರದ ಧಾಟಿಯ ಬಗ್ಗೆ. ಕೆಲವು ಕಾರುಗಳಿಗೆ ಒಂದೇ ವರ್ಷವನ್ನು ಹೇಳಲು ಫೋಟೊದಲ್ಲಿ ಆಧಾರವೇ ಇರುವುದಿಲ್ಲ. ಮಾರಿಸ್ ಮೈನರ್ ಅನ್ನು ತೆಗೆದುಕೊಳ್ಳಿ. 1948ರಲ್ಲಿ ಹೊರಬಂದಾಗ ಅದರ ಹೆಡ್‌ಲೈಟುಗಳು ಕೆಳಗೆ ಗ್ರಿಲ್ಲಿನ ಪಕ್ಕದಲ್ಲಿದ್ದವು, ಕೆಲವೇ ವರ್ಷಗಳಲ್ಲಿ ಮಡ್‌ಗಾರ್ಡಿನ ಮೇಲಕ್ಕೆ ಏರಿದವು. 1956ರಲ್ಲಿ ಎರಡು ಹೋಳಿನ ಮುಂಗಾಜು ಹೋಗಿ ಒಂದೇ ಬಾಗಿದ ಗಾಜು ಬಂತು. ಆಮೇಲೆ ದೂರದಿಂದ ಕಾಣುವ ಬದಲಾವಣೆಗಳು ಕಡಿಮೆ. ಹೆಡ್‌ಲೈಟು ಮೇಲಿದ್ದು ಮುಂಗಾಜು ಹೋಳಾಗಿದ್ದರೆ 1950ರ ದಶಕದ ಮೊದಲರ್ಧ ಎಂದು ಹೇಳುವುದು ಪ್ರಾಮಾಣಿಕ ಉತ್ತರ. ಆ್ಯಪ್ ಮಾತ್ರ 1953 ಎಂದು ಬರೆದು, ಪಕ್ಕದಲ್ಲಿ ಶೇಕಡಾವಾರು ಖಚಿತತೆಯನ್ನೂ ತೋರಿಸುತ್ತದೆ. ಅದೇ ಫೋಟೊವನ್ನು ಸ್ವಲ್ಪ ಕತ್ತರಿಸಿ ಮತ್ತೆ ಕೊಟ್ಟಾಗ ವರ್ಷ ಬದಲಾಯಿತು, ಖಚಿತತೆಯ ಅಂಕಿ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಆ ಅಂಕಿಯನ್ನು ನಂಬಿ ಒಬ್ಬರು ಅಜ್ಜನ ಕಾರಿನ ಫೋಟೊದ ಹಿಂದೆ ಪೆನ್ನಿನಿಂದ ವರ್ಷ ಬರೆದಿಟ್ಟರೆ, ಮುಂದಿನ ತಲೆಮಾರಿಗೆ ಅದೇ ದಾಖಲೆಯಾಗುತ್ತದೆ. ಅವಧಿಯನ್ನು ಹೇಳಿ, ಯಾವ ಗುರುತು ಕಂಡಿತು, ಯಾವುದು ಕಾಣಲಿಲ್ಲ ಎಂದು ತಿಳಿಸುವ ಆ್ಯಪ್ ಬಂದರೆ ಅದಕ್ಕೆ ಹಣ ಕೊಡಲು ನಾನು ಸಿದ್ಧ. ಈಗಿರುವವುಗಳಲ್ಲಿ ಮೊದಲ ಕೆಲವು ಫೋಟೊಗಳ ನಂತರ ಚಂದಾ ಕೇಳುವ ಆ್ಯಪ್‌ಗಳಿಗೆ ಹಣ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ. ಫೋನಿನ ಉಚಿತ ಹುಡುಕಾಟವೇ ಅಷ್ಟು ಕೆಲಸ ಮಾಡುತ್ತದೆ.

ಕಪ್ಪುಬಿಳುಪು ಫೋಟೊಗಳಲ್ಲಿ ಇನ್ನೂ ಎಚ್ಚರ ಬೇಕು. ಆ್ಯಪ್‌ಗೆ ಕೊಡುವ ಮೊದಲು ಚಿತ್ರಕ್ಕೆ ಯಂತ್ರದಿಂದ ಬಣ್ಣ ತುಂಬಿಸುವುದನ್ನು, ಮಸುಕನ್ನು ತಿದ್ದಿಸುವುದನ್ನು ಯಾರೂ ಮಾಡಬಾರದು. ಹಾಗೆ ತಿದ್ದುವ ತಂತ್ರಗಳು ಗ್ರಿಲ್ಲಿನ ಗೆರೆಗಳನ್ನು, ಬಿಲ್ಲೆಯ ಅಕ್ಷರಗಳನ್ನು ತಾವೇ ಊಹಿಸಿ ಬಿಡಿಸುತ್ತವೆ, ಮತ್ತು ವರ್ಷವನ್ನು ನಿರ್ಧರಿಸುವುದು ಆ ಗೆರೆಗಳೇ. ನೆಗೆಟಿವ್ ತಿರುವುಮುರುವಾಗಿ ಮುದ್ರಣವಾದ ಫೋಟೊಗಳಲ್ಲಿ ಸ್ಟೀರಿಂಗ್ ಎಡಕ್ಕೆ ಕಂಡು, ಇಲ್ಲಿಯ ಕಾರನ್ನು ಯುರೋಪಿನದೆಂದು ಹೇಳಿದ ಉದಾಹರಣೆಯೂ ನನ್ನ ಪರೀಕ್ಷೆಯಲ್ಲಿ ಬಂತು. ನಂಬರ್ ಪ್ಲೇಟಿನ ಅಕ್ಷರ ಉಲ್ಟಾ ಇದೆಯೇ ಎಂದು ಮೊದಲು ನೋಡಿಕೊಂಡರೆ ಈ ತೊಂದರೆ ತಪ್ಪುತ್ತದೆ.

ನಂಬರ್ ಪ್ಲೇಟಿನ ವಿಷಯವನ್ನು ಮತ್ತೆ ಹೇಳುತ್ತೇನೆ, ಏಕೆಂದರೆ ನಮ್ಮ ರಾಜ್ಯದ ಫೋಟೊಗಳಲ್ಲಿ ಅದಕ್ಕಿಂತ ಒಳ್ಳೆಯ ಸುಳಿವು ಇನ್ನೊಂದಿಲ್ಲ. ಮೈಸೂರು ರಾಜ್ಯದ ಕಾಲದ ಎಂವೈ ಅಕ್ಷರಗಳಿಂದ ಶುರುವಾಗುವ ಪ್ಲೇಟು ಒಂದು ಕಾಲವನ್ನು ಹೇಳುತ್ತದೆ, 1989ರ ಜುಲೈಯಲ್ಲಿ ಹೊಸ ಮೋಟಾರು ವಾಹನ ಕಾಯ್ದೆ ಜಾರಿಗೆ ಬಂದ ಮೇಲಿನ ಕೆಎ ಪ್ಲೇಟು ಇನ್ನೊಂದನ್ನು. ಕೆಎ ಇರುವ ಹಳೆಯ ಕಾರು ಹೊರರಾಜ್ಯದಿಂದ ಬಂದು ಇಲ್ಲಿ ಮತ್ತೆ ನೋಂದಾಯಿತವಾಗಿರಲೂಬಹುದು, ಆದ್ದರಿಂದ ಪ್ಲೇಟೊಂದೇ ಪೂರ್ತಿ ಸಾಕ್ಷ್ಯವಲ್ಲ. ಆದರೆ ಫೋಟೊ ತೆಗೆದ ಸಂದರ್ಭ, ಸ್ಟುಡಿಯೋದ ಮುದ್ರೆ, ಪ್ಲೇಟು, ಗ್ರಿಲ್ ಇಷ್ಟನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಅವಧಿ ಬೇಗ ಕಿರಿದಾಗುತ್ತದೆ. ಮದುವೆ ನಡೆದದ್ದು 1968ರಲ್ಲಿ ಎಂದು ಗೊತ್ತಿದ್ದರೆ ಕಾರು ಅದಕ್ಕಿಂತ ಈಚಿನದಾಗಿರಲಾರದು. ಇಷ್ಟು ಸರಳವಾದ ಮಾಹಿತಿಯನ್ನು ಸೇರಿಸಲು ಕಾರು ಗುರುತಿಸುವ ಆ್ಯಪ್‌ಗಳಲ್ಲಿ ಜಾಗವೇ ಇಲ್ಲ. ಕೃತಕ ಬುದ್ಧಿಮತ್ತೆಯ ಸಾಧನದಲ್ಲಿ ಬರೆದು ತಿಳಿಸಬಹುದು, ತಿಳಿಸಿದಾಗ ಉತ್ತರ ಗಮನಾರ್ಹವಾಗಿ ಸುಧಾರಿಸುತ್ತದೆ. ಮನೆಯವರ ಮುಖಗಳಿರುವ ಭಾಗವನ್ನು ಕತ್ತರಿಸಿ ಕಾರನ್ನು ಮಾತ್ರ ಕೊಡುವುದು ಒಳ್ಳೆಯದು, ಆದರೆ ಪ್ಲೇಟು, ಗ್ರಿಲ್, ಬಂಪರ್ ಕತ್ತರಿಸಿಹೋಗದಂತೆ ನೋಡಿಕೊಳ್ಳಬೇಕು.

ಕಾರು ಈಗಲೂ ಮನೆಯಲ್ಲಿದ್ದು, ಅದನ್ನು ಅಧಿಕೃತವಾಗಿ ವಿಂಟೇಜ್ ವಾಹನವೆಂದು ನೋಂದಾಯಿಸಬೇಕೆನ್ನುವವರಿಗೆ ಈ ಸೇವೆಗಳಲ್ಲಿ ಯಾವುದೂ ಉಪಯೋಗಕ್ಕೆ ಬಾರದು. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಗಣನೀಯ ಮಾರ್ಪಾಡುಗಳಿಲ್ಲದ ವಾಹನಕ್ಕೆ ವಿಎ ಅಕ್ಷರಗಳಿರುವ ಪ್ರತ್ಯೇಕ ಸರಣಿಯ ನಂಬರ್ ಸಿಗುತ್ತದೆ, ಅದಕ್ಕೆ ದಾಖಲೆ ಬೇಕು. ಅಂಥವರು ಬಾನೆಟ್ ತೆರೆದು ಚಾಸಿ ನಂಬರಿನ ತಗಡನ್ನು ಹುಡುಕಿ, ಅದನ್ನು ಒರೆಸಿ, ಅಕ್ಷರ ಅಕ್ಷರ ಬರೆದುಕೊಳ್ಳಬೇಕು. ಮಾರಿಸ್, ಆಸ್ಟಿನ್, ಎಂಜಿ ಮುಂತಾದ ಬ್ರಿಟಿಷ್ ತಯಾರಿಕೆಯ ಕಾರಾದರೆ, ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಕಾರ್ಖಾನೆಯ ಮೂಲ ದಾಖಲೆಗಳನ್ನು ಇಟ್ಟುಕೊಂಡಿದ್ದು, ಚಾಸಿ ನಂಬರ್ ಕಳಿಸಿದವರಿಗೆ ದಾಖಲೆ ಉಳಿದಿರುವ ಮಾದರಿಗಳ ತಯಾರಿಕೆಯ ದಿನಾಂಕವನ್ನು ಶುಲ್ಕ ಪಡೆದು ಪ್ರಮಾಣಪತ್ರದ ರೂಪದಲ್ಲಿ ಕೊಡುತ್ತದೆ. ಚಂದಾದ ಆ್ಯಪ್‌ಗೆ ಕೊಡುವ ಹಣವನ್ನು ಆ ಪ್ರಮಾಣಪತ್ರಕ್ಕೆ ಎತ್ತಿಡಿ ಎಂದು ಅಂಥ ಕಾರು ಇರುವವರಿಗೆ ನಾನು ಸಲಹೆ ಮಾಡುತ್ತೇನೆ.